ಅಣೆಕಟ್ಟಿನ ಕೆಳಗೆ ಚಳಿಗಾಲದ ಟ್ರೌಟ್: ಸ್ಯಾನ್ ಹುವಾನ್ ನದಿಯಲ್ಲಿ ಫ್ಲೈ ಫಿಶಿಂಗ್

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ವಾಯವ್ಯ ಮೂಲೆಯಲ್ಲಿ ಸ್ಯಾನ್ ಹುವಾನ್ ನದಿಗೆ ಅಡ್ಡಲಾಗಿ ನವಾಹೊ ಅಣೆಕಟ್ಟು ನಿಂತಿದೆ. 1962ರಲ್ಲಿ ಪೂರ್ಣಗೊಂಡ ಈ ಮಣ್ಣಿನ ಕಟ್ಟೆಯ ಎತ್ತರ 402 ಅಡಿ. ಕಟ್ಟೆ ಏಳುವ ಮೊದಲು ನದಿಯ ಈ ಭಾಗ ಬೇಸಿಗೆಯಲ್ಲಿ ಬೆಚ್ಚಗೆ, ಮಳೆ ಬಿದ್ದಾಗ ಕೆಸರಾಗಿ ಹರಿಯುತ್ತಿತ್ತು; ಟ್ರೌಟ್ ಬಾಳುವ ನೀರು ಅದಾಗಿರಲಿಲ್ಲ. ಕೊಲರಾಡೊದ ಬೆಟ್ಟಗಳ ಹಿಮ ಕರಗಿ ಬಂದ ನೀರು ಜಲಾಶಯದಲ್ಲಿ ನಿಂತು, ಮಣ್ಣು ತಳಕ್ಕೆ ಇಳಿದು, ಆಳದ ತೂಬಿನಿಂದ ತಣ್ಣಗೆ ತಿಳಿಯಾಗಿ ಹೊರಬೀಳಲು ತೊಡಗಿದ ಮೇಲೆ ನದಿಯ ಸ್ವಭಾವವೇ ಬದಲಾಯಿತು. ಅಲ್ಲಿಗೆ ರೇನ್‌ಬೋ ಮತ್ತು ಬ್ರೌನ್ ಟ್ರೌಟ್‌ಗಳನ್ನು ತಂದು ಬಿಡಲಾಯಿತು. ಇಂದು ಕಟ್ಟೆಯ ಬುಡದಿಂದ ಸುಮಾರು ನಾಲ್ಕು ಮೈಲಿ ಉದ್ದದ ಹರಿವು ವಿಶೇಷ ನಿಯಮಗಳುಳ್ಳ ಟ್ರೌಟ್ ಪ್ರದೇಶ. ಹದಿನಾರು, ಹದಿನೆಂಟು ಇಂಚಿನ ಮೀನು ಇಲ್ಲಿ ಸಾಮಾನ್ಯ.

ಹೀಗೆ ಕಟ್ಟೆಯ ಕೆಳಗೆ ಹರಿಯುವ ತಣ್ಣೀರನ್ನು ಅಲ್ಲಿ ಗಾಳ ಹಾಕುವವರು ಟೇಲ್‌ವಾಟರ್ ಎನ್ನುತ್ತಾರೆ. ಸುತ್ತಲಿನ ಬೆಟ್ಟದ ಹೊಳೆಗಳು ಡಿಸೆಂಬರ್ ಹೊತ್ತಿಗೆ ಅಂಚಿನಿಂದ ಹೆಪ್ಪುಗಟ್ಟುತ್ತ ಬಂದರೂ ಇದು ಹೆಪ್ಪುಗಟ್ಟುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದ ಈ ಕಣಿವೆಯಲ್ಲಿ ಜನವರಿಯ ಮುಂಜಾನೆ ಗಾಳಿಯ ಉಷ್ಣಾಂಶ ಶೂನ್ಯಕ್ಕಿಂತ ಬಹಳ ಕೆಳಗಿರುತ್ತದೆ. ಕಟ್ಟೆಯಿಂದ ಬರುವ ನೀರು ಮಾತ್ರ ಸುಮಾರು 6 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುತ್ತದೆ. ಬೇಸಿಗೆಯಲ್ಲೂ ಅದು ಅದಕ್ಕಿಂತ ಹೆಚ್ಚೇನೂ ಏರುವುದಿಲ್ಲ. ಆದ್ದರಿಂದ ಇಲ್ಲಿನ ಚಳಿಗಾಲವನ್ನು ಅರಿಯಲು ಆಕಾಶಕ್ಕಿಂತ ಮೊದಲು ಅಣೆಕಟ್ಟನ್ನು ನೋಡಬೇಕು. ಎಷ್ಟು ನೀರು ಬಿಟ್ಟಿದ್ದಾರೆ, ಅದು ಎಷ್ಟು ತಿಳಿಯಾಗಿದೆ, ಎಷ್ಟು ತಣ್ಣಗಿದೆ ಎಂಬ ಮೂರು ಸಂಗತಿಗಳು ಗೊತ್ತಾದರೆ ಮೀನು ಎಲ್ಲಿ ನಿಂತಿದೆ, ಏನು ತಿನ್ನುತ್ತಿದೆ ಎಂಬುದರ ಮುಕ್ಕಾಲು ಪಾಲು ಗೊತ್ತಾದಂತೆ.

ಹೊರಹರಿವು

ನೀರಿನ ಬಿಡುಗಡೆಯ ಅಳತೆ ಕ್ಯೂಸೆಕ್. ಕನ್ನಂಬಾಡಿ ಕಟ್ಟೆಯ ಒಳಹರಿವು, ಹೊರಹರಿವುಗಳನ್ನು ಪತ್ರಿಕೆಯಲ್ಲಿ ಓದುವವರಿಗೆ ಇದು ಪರಿಚಿತ: ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ನವಾಹೊ ಅಣೆಕಟ್ಟನ್ನು ನಡೆಸುವುದು ಅಮೆರಿಕದ ಕೇಂದ್ರ ಸರ್ಕಾರದ ಬ್ಯೂರೊ ಆಫ್ ರೆಕ್ಲಮೇಶನ್. 2006ರಲ್ಲಿ ಅಂತಿಮಗೊಂಡ ಕಾರ್ಯನೀತಿಯಂತೆ ಇಲ್ಲಿನ ಬಿಡುಗಡೆ 250ರಿಂದ 5,000 ಕ್ಯೂಸೆಕ್‌ವರೆಗೆ ಇರಬಹುದು. 5,000ದ ಹರಿವು ವಸಂತದಲ್ಲಿ, ಅದೂ ಜಲಾಶಯದಲ್ಲಿ ನೀರು ಸಾಕಷ್ಟಿರುವ ವರ್ಷಗಳಲ್ಲಿ ಮಾತ್ರ. ಚಳಿಗಾಲದಲ್ಲಿ ಸಾಮಾನ್ಯವಾಗಿ ಕಾಣುವುದು 250ರಿಂದ 500ರ ಆಸುಪಾಸು.

ಈ ಅಂಕಿಯನ್ನು ನಿರ್ಧರಿಸುವುದು ಟ್ರೌಟ್ ಅಲ್ಲ ಎಂಬುದನ್ನು ನೆನಪಿಡಬೇಕು. ಕಟ್ಟೆಯಿಂದ ಬಹು ದೂರ, ಫಾರ್ಮಿಂಗ್‌ಟನ್ ಪಟ್ಟಣದಿಂದ ಲೇಕ್ ಪೊವೆಲ್‌ವರೆಗಿನ ಹರಿವಿನಲ್ಲಿ ಕೊಲರಾಡೊ ಪೈಕ್‌ಮಿನ್ನೊ ಮತ್ತು ರೇಜರ್‌ಬ್ಯಾಕ್ ಸಕರ್ ಎಂಬ ಎರಡು ಸ್ಥಳೀಯ ಮೀನುಗಳಿವೆ. ಎರಡೂ ಅಳಿವಿನ ಅಂಚಿಗೆ ಬಂದವು. ಅವುಗಳಿಗಾಗಿ ಕೆಳಭಾಗದ ನದಿಯಲ್ಲಿ 500ರಿಂದ 1,000 ಕ್ಯೂಸೆಕ್ ಹರಿವು ಕಾಯ್ದುಕೊಳ್ಳುವ ಗುರಿಯಿದೆ. ಫಾರ್ಮಿಂಗ್‌ಟನ್ ಬಳಿ ಅನಿಮಾಸ್ ನದಿ ಬಂದು ಸೇರುತ್ತದೆ. ಅನಿಮಾಸ್ ತುಂಬಿ ಬಂದರೆ ಕಟ್ಟೆಯ ಬಿಡುಗಡೆ ತಗ್ಗುತ್ತದೆ, ಅದು ಬಡವಾದರೆ ಬಿಡುಗಡೆ ಏರುತ್ತದೆ. ಹಾಗಾಗಿ ಕಟ್ಟೆಯ ಬುಡದಲ್ಲಿ ನಿಂತವರಿಗೆ ಕಾರಣವೇ ಇಲ್ಲದೆ ನೀರು ಏರಿತು ಎನಿಸಿದಾಗ ಕಾರಣ ಹತ್ತಾರು ಮೈಲಿ ಕೆಳಗೆ ಇರುತ್ತದೆ. ಬಿಡುಗಡೆಯ ಬದಲಾವಣೆಯನ್ನು ಬ್ಯೂರೊ ಮುಂಚಿತವಾಗಿ ಪ್ರಕಟಿಸುತ್ತದೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಆರ್ಚುಲೇಟಾ ಬಳಿ ನಡೆಸುವ ಮಾಪನ ಕೇಂದ್ರದ ಅಂಕಿಗಳೂ ಅಂತರ್ಜಾಲದಲ್ಲಿ ಸಿಗುತ್ತವೆ. ಹೊರಡುವ ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಇನ್ನೊಮ್ಮೆ ಇವನ್ನು ನೋಡುವುದು ಹವಾಮಾನ ವರದಿ ನೋಡುವುದಕ್ಕಿಂತ ಉಪಯುಕ್ತ.

250 ಕ್ಯೂಸೆಕ್‌ನಲ್ಲಿ ನದಿ ತೆಳುವಾಗುತ್ತದೆ. ಅಗಲವಾದ ಹಾಸುಗಳಲ್ಲಿ ಮೊಣಕಾಲುದ್ದ ನೀರೂ ಉಳಿಯುವುದಿಲ್ಲ. ಮೀನುಗಳು ಆಳದ ಕಾಲುವೆಗಳಿಗೂ ಮಡುಗಳಿಗೂ ಸರಿದು ಗುಂಪುಗೂಡುತ್ತವೆ. ಹುಡುಕುವುದು ಸುಲಭ, ಆದರೆ ತಿಳಿನೀರಿನಲ್ಲಿ ಅವಕ್ಕೆ ಮನುಷ್ಯನ ನೆರಳು ಬೇಗ ಕಾಣುತ್ತದೆ. 500ರ ಸುಮಾರಿಗೆ ನದಿ ಹೆಚ್ಚು ಉದಾರ: ಪಕ್ಕದ ಕವಲುಗಳಲ್ಲೂ ನೀರಾಡುತ್ತದೆ, ಮೀನು ಹರಡಿಕೊಳ್ಳುತ್ತದೆ, ನಡೆದು ದಾಟುವುದಕ್ಕೂ ತೊಂದರೆಯಿಲ್ಲ. 1,000 ಮೀರಿದರೆ ದಾಟುವ ಜಾಗಗಳು ಕಡಿಮೆಯಾಗುತ್ತವೆ, ದೋಣಿಯಲ್ಲಿ ಹೋಗುವವರಿಗೆ ಅನುಕೂಲ ಹೆಚ್ಚುತ್ತದೆ.

ಅಂಕಿಗಿಂತಲೂ ಅದು ಬದಲಾದ ಹೊತ್ತು ಮುಖ್ಯ. ನೀರು ಏರಿದ ಮೊದಲ ದಿನ ಕಲ್ಲುಗಳಿಗೆ ಅಂಟಿದ್ದ ಪಾಚಿ ಕಿತ್ತು ತೇಲಿಬರುತ್ತದೆ. ಪ್ರತಿ ಎಸೆತದ ನಂತರವೂ ಕೊಕ್ಕೆಯಿಂದ ಹಸಿರು ಎಳೆ ಬಿಡಿಸಬೇಕಾಗುತ್ತದೆ. ಆದರೆ ಅದೇ ಹೊತ್ತಿಗೆ ತಳದ ಹುಳುಗಳೂ ಕಿತ್ತು ಬರುವುದರಿಂದ ಮೀನು ಚುರುಕಾಗಿ ತಿನ್ನುತ್ತದೆ. ನೀರು ಇಳಿದಾಗ ಮೀನು ಒಂದೆರಡು ದಿನ ಹೆದರಿಕೆಯಲ್ಲಿರುತ್ತದೆ. ಹಲವು ದಿನ ಒಂದೇ ಸಮನೆ ಹರಿದ ನದಿಯೇ ಅತ್ಯುತ್ತಮ.

ಎಲ್ಲ ಅಣೆಕಟ್ಟುಗಳೂ ಹೀಗೆ ನಿಧಾನವಾಗಿ ಬದಲಾಗುವುದಿಲ್ಲ. ಆರ್ಕನ್ಸಾಸ್‌ನ ವೈಟ್ ನದಿಯ ಮೇಲಿನ ಬುಲ್ ಶೋಲ್ಸ್ ಅಣೆಕಟ್ಟು ವಿದ್ಯುತ್ ಬೇಡಿಕೆಗೆ ತಕ್ಕಂತೆ ನೀರು ಬಿಡುತ್ತದೆ. ಅದರ ಎಂಟೂ ಯಂತ್ರಗಳು ಓಡಿದರೆ ಹರಿವು 20,000 ಕ್ಯೂಸೆಕ್ ದಾಟುತ್ತದೆ. ಚಳಿಯ ಬೆಳಿಗ್ಗೆ ಜನ ಹೀಟರ್ ಹಾಕಿದಾಗ ನದಿ ಕೆಲವೇ ಗಂಟೆಗಳಲ್ಲಿ ಹಲವು ಅಡಿ ಏರುತ್ತದೆ. ಕಟ್ಟೆಯ ಹತ್ತಿರ ಎಚ್ಚರಿಕೆಯ ಸೈರನ್ ಕೂಗುತ್ತದೆ, ದೂರದಲ್ಲಿ ಅದು ಕೇಳಿಸದು. ಅಂಥ ನದಿಗೆ ಇಳಿಯುವವರು ನೀರಿನ ಅಂಚಿನಲ್ಲಿ ಅರ್ಧ ಮುಳುಗಿದ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಬೇಕು. ಕಲ್ಲಿನ ನೆತ್ತಿ ಒದ್ದೆಯಾದರೆ, ಒಣ ಎಲೆ ಕಡ್ಡಿಗಳು ಸಾಲಾಗಿ ತೇಲತೊಡಗಿದರೆ, ಹರಿವಿನ ಸದ್ದು ಬದಲಾದರೆ ಕೈಯಲ್ಲಿ ಮೀನಿದ್ದರೂ ದಾರ ಕತ್ತರಿಸಿ ದಡ ಸೇರಬೇಕು. ಇದರಲ್ಲಿ ಚೌಕಾಸಿಯಿಲ್ಲ.

ನೀರಿನ ಬಣ್ಣ

ಸ್ಯಾನ್ ಹುವಾನ್‌ಗೆ ಜನವರಿಯಲ್ಲಿ ಮೊದಲ ಬಾರಿ ಬಂದವರನ್ನು ಹೆಚ್ಚು ಕಂಗೆಡಿಸುವುದು ನೀರಿನ ಬಣ್ಣ. ತಿಳಿನೀರಿಗೆ ಹೆಸರಾದ ನದಿ ಬೂದು ಹಸಿರು ಬಣ್ಣಕ್ಕೆ ತಿರುಗಿರುತ್ತದೆ. ಒಂದೆರಡು ಅಡಿಗಿಂತ ಆಳಕ್ಕೆ ಕಣ್ಣು ಹೋಗುವುದಿಲ್ಲ. ಮಳೆ ಇಲ್ಲ, ಹಿಮ ಕರಗಿಲ್ಲ, ಆದರೂ ನೀರು ಕಲಕಿದೆ.

ಕಾರಣ ಜಲಾಶಯದೊಳಗಿದೆ. ನೀರು ಅತಿ ಹೆಚ್ಚು ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೇಸಿಗೆಯಲ್ಲಿ ಜಲಾಶಯದ ಮೇಲೆ ಬೆಚ್ಚಗಿನ ಹಗುರ ನೀರು, ಕೆಳಗೆ ತಣ್ಣನೆಯ ಭಾರದ ನೀರು ಪದರ ಪದರವಾಗಿ ನಿಂತಿರುತ್ತವೆ, ಒಂದು ಇನ್ನೊಂದಕ್ಕೆ ಬೆರೆಯುವುದಿಲ್ಲ. ಶರತ್ಕಾಲ ಕಳೆದು ಮೇಲ್ಮೈ ತಣ್ಣಗಾಗುತ್ತ ಬಂದಂತೆ ಅಲ್ಲಿನ ನೀರು ಭಾರವಾಗಿ ಇಳಿಯುತ್ತದೆ, ಗಾಳಿ ಅದನ್ನು ಕಲಕುತ್ತದೆ, ಪದರಗಳು ಮುರಿದು ಜಲಾಶಯ ಮೇಲು ಕೆಳಗಾಗುತ್ತದೆ. ಜೊತೆಗೆ ನಯವಾದ ಹೂಳೂ ಕೊಳೆತ ಜೈವಿಕ ಕಣಗಳೂ ಎದ್ದು, ತೂಬಿನಿಂದ ನದಿಗೆ ಬರುತ್ತವೆ. ನವಾಹೊದಂಥ ಆಳದ ಜಲಾಶಯದಲ್ಲಿ ಈ ಕಲಕು ತೂಬಿನ ಮಟ್ಟ ಮುಟ್ಟುವಾಗ ಸಾಮಾನ್ಯವಾಗಿ ಡಿಸೆಂಬರ್ ಕೊನೆ ಅಥವಾ ಜನವರಿ. ಫೆಬ್ರವರಿ, ಕೆಲವೊಮ್ಮೆ ಮಾರ್ಚ್‌ವರೆಗೂ ಮಸಕು ಉಳಿಯುತ್ತದೆ.

ಮಸಕು ನೀರನ್ನು ಕಂಡು ಹಿಂದಿರುಗಬೇಕಿಲ್ಲ. ಟ್ರೌಟ್ ಅದರಲ್ಲೂ ತಿನ್ನುತ್ತದೆ. ದೂರ ಕಾಣದ ಕಾರಣ ಅದರ ಸಂಶಯವೂ ಕಡಿಮೆ. ತಿಳಿನೀರಿನಲ್ಲಿ ಕೂದಲೆಳೆಯಂಥ 6ಎಕ್ಸ್ ದಾರ ಬೇಕಾದರೆ ಇಲ್ಲಿ ಅದಕ್ಕಿಂತ ದಪ್ಪನೆಯ 5ಎಕ್ಸ್, 4ಎಕ್ಸ್ ಕೂಡ ನಡೆಯುತ್ತದೆ. ಕೆಂಪು ಮರಿಹುಳು, ಕಿತ್ತಳೆ ಬಣ್ಣದ ಮೊಟ್ಟೆ, ಈ ನದಿಯ ಹೆಸರನ್ನೇ ಹೊತ್ತ ಸ್ಯಾನ್ ಹುವಾನ್ ವರ್ಮ್ ಎಂಬ ಎರೆಹುಳುವಿನ ನಕಲು, ಕಪ್ಪು ಜಿಗಣೆ ಹೀಗೆ ಎದ್ದು ಕಾಣುವ ಫ್ಲೈಗಳಿಗೆ, ಅಂದರೆ ಕೊಕ್ಕೆಗೆ ಕಟ್ಟಿದ ಕೃತಕ ತುತ್ತುಗಳಿಗೆ, ಇದು ಕಾಲ. ಒಂದು ಷರತ್ತು: ಫ್ಲೈ ಮೀನಿನ ಮೂತಿಯ ಹತ್ತಿರವೇ ಹಾದು ಹೋಗಬೇಕು. ಒಂದೇ ಜಾಗದ ಮೇಲೆ ಅಡಿ ಅಡಿ ಸರಿಸುತ್ತ ಮತ್ತೆ ಮತ್ತೆ ಎಸೆಯುವ ತಾಳ್ಮೆ ಇಲ್ಲಿ ಫಲ ಕೊಡುತ್ತದೆ.

ಮೀನು ಎಲ್ಲಿ, ಯಾವಾಗ

ಟ್ರೌಟ್ ಶೀತರಕ್ತದ ಜೀವಿ, ನೀರು ತಣ್ಣಗಿದ್ದಷ್ಟೂ ಅದರ ಜೀರ್ಣಶಕ್ತಿ ನಿಧಾನ. ರೇನ್‌ಬೋ ಟ್ರೌಟ್ ಚುರುಕಾಗಿ ತಿನ್ನುವುದು 10ರಿಂದ 15 ಡಿಗ್ರಿಯ ನೀರಿನಲ್ಲಿ. 6 ಡಿಗ್ರಿಯಲ್ಲಿ ಅದು ತಿನ್ನುವುದನ್ನು ಬಿಡುವುದಿಲ್ಲ, ಆದರೆ ತುತ್ತಿಗಾಗಿ ದೂರ ಓಡುವುದಿಲ್ಲ. ರಭಸದ ನೀರಿನಲ್ಲಿ ನಿಲ್ಲಲು ಖರ್ಚಾಗುವ ಶಕ್ತಿ ತಿಂದದ್ದಕ್ಕಿಂತ ಹೆಚ್ಚಾದೀತು. ಆದ್ದರಿಂದ ಚಳಿಗಾಲದಲ್ಲಿ ಮೀನು ಸಿಗುವುದು ಮೆಲ್ಲಗೆ ನಡೆಯುವ ನೀರಿನಲ್ಲಿ: ಮಡುವಿನ ಬಾಲದಲ್ಲಿ, ದೊಡ್ಡ ಬಂಡೆಯ ಹಿಂದೆ, ರಭಸದ ಹರಿವೂ ನಿಂತಂತಿರುವ ನೀರೂ ಕೂಡುವ ಗೆರೆಯ ಒಳಬದಿಯಲ್ಲಿ. ಆ ಗೆರೆಯ ಮೇಲೆ ನೊರೆ ಸಣ್ಣಗೆ ಸಾಲಾಗಿ ಹೋಗುತ್ತಿರುತ್ತದೆ. ಆಹಾರ ಹೋಗುವ ದಾರಿಯೂ ಅದೇ.

ಸೂರ್ಯೋದಯಕ್ಕೇ ನೀರಿಗಿಳಿಯುವ ಬೇಸಿಗೆಯ ಅಭ್ಯಾಸ ಇಲ್ಲಿ ಬೇಡ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗಿನ ಅವಧಿಯೇ ಒಳ್ಳೆಯ ಹೊತ್ತು. ಕಟ್ಟೆಯಿಂದ ಕೆಳಗೆ ಹೋದಷ್ಟೂ ನದಿ ಗಾಳಿಯ ಉಷ್ಣಾಂಶಕ್ಕೆ ಹೊಂದಿಕೊಳ್ಳುತ್ತದೆ: ಬೇಸಿಗೆಯಲ್ಲಿ ಬೆಚ್ಚಗಾದರೆ ಚಳಿಗಾಲದಲ್ಲಿ ಇನ್ನಷ್ಟು ತಣ್ಣಗಾಗುತ್ತದೆ. ಹಾಗಾಗಿ ಅತಿ ಚಳಿಯ ದಿನಗಳಲ್ಲಿ ಕಟ್ಟೆಯ ಹತ್ತಿರದ ನೀರೇ ಬೆಚ್ಚಗಿನದು, ಟೆಕ್ಸಸ್ ಹೋಲ್ ಎಂಬ ಪ್ರಸಿದ್ಧ ಮಡುವಿನಲ್ಲಿ ಆಗ ಜನವೂ ಹೆಚ್ಚು. ವಾರದ ನಡುವೆ ಬಂದರೆ, ಅಥವಾ ಕೆಳಗಿನ ಹಾಸುಗಳವರೆಗೆ ನಡೆದರೆ ನಿಲ್ಲಲು ಜಾಗ ಸಿಗುತ್ತದೆ.

ಅಕ್ಕಿಕಾಳಿಗಿಂತ ಚಿಕ್ಕ ತುತ್ತು

ಚಳಿಗಾಲದಲ್ಲಿ ಇಲ್ಲಿನ ಟ್ರೌಟ್‌ಗಳ ಮುಖ್ಯ ಆಹಾರ ಮಿಡ್ಜ್. ನುಸಿಯಂಥ, ಕಚ್ಚದ ಕೀಟ ಇದು. ವರ್ಷವಿಡೀ ಒಂದೇ ಉಷ್ಣಾಂಶದ ನೀರು ಅದಕ್ಕೆ ತಕ್ಕುದಾದ ನೆಲೆ. ಇತರ ಕೀಟಗಳ ವೈವಿಧ್ಯ ಈ ಏಕರೂಪದ ತಣ್ಣೀರಿನಲ್ಲಿ ಕಡಿಮೆಯಾದರೂ ಮಿಡ್ಜ್‌ಗಳ ಸಂಖ್ಯೆ ಅಪಾರ. ಅದರ ಮರಿಹುಳು ತಳದ ಕೆಸರಿನಲ್ಲಿ ಬೆಳೆದು, ಕೋಶದ ಹಂತಕ್ಕೆ ಬಂದಾಗ ಮೆಲ್ಲನೆ ಮೇಲೇರಿ, ನೀರಿನ ಮೇಲ್ಪೊರೆಗೆ ಅಂಟಿ ನಿಂತು, ಕೋಶ ಸೀಳಿ ರೆಕ್ಕೆಯ ಕೀಟವಾಗಿ ಹಾರುತ್ತದೆ. ಮೇಲೇರುವ ಆ ಕೆಲವು ಕ್ಷಣ ಅದಕ್ಕೆ ಈಜಿ ತಪ್ಪಿಸಿಕೊಳ್ಳುವ ಶಕ್ತಿಯಿಲ್ಲ. ಟ್ರೌಟ್ ಕಾಯುವುದು ಅದಕ್ಕೇ.

ಈ ಹಂತದ ನಕಲುಗಳಲ್ಲಿ ಜೀಬ್ರಾ ಮಿಡ್ಜ್ ಅತ್ಯಂತ ಸರಳ. 22ನೇ ನಂಬರಿನ ಕೊಕ್ಕೆ ಅಕ್ಕಿಕಾಳಿಗಿಂತ ಚಿಕ್ಕದು. ಕೊಕ್ಕೆಯ ಕಣ್ಣಿನ ಹಿಂದೆ ಒಂದು ಪುಟ್ಟ ಲೋಹದ ಮಣಿ, ಹಿಂದಕ್ಕೆ ಒತ್ತಾಗಿ ಸುತ್ತಿದ ಕಪ್ಪು ದಾರ, ಅದರ ಮೇಲೆ ಅಂತರ ಬಿಟ್ಟು ಸುತ್ತಿದ ಬೆಳ್ಳಿ ಬಣ್ಣದ ತೆಳು ತಂತಿ: ಇಷ್ಟೇ. ರೆಕ್ಕೆಯಿಲ್ಲ, ಕಾಲಿಲ್ಲ. ತಂತಿಯ ಪಟ್ಟಿಗಳು ಕೋಶದ ಉಂಗುರಗಳಂತೆ ಕಾಣುತ್ತವೆ, ಮಣಿ ಬೆಳಕಿಗೆ ಮಿನುಗುತ್ತದೆ. 24, 26ನೇ ನಂಬರಿನ ಕೊಕ್ಕೆಗಳೂ ಇಲ್ಲಿ ಮಾಮೂಲು. ಚಳಿಗೆ ಮರಗಟ್ಟಿದ ಬೆರಳಲ್ಲಿ ಅವುಗಳ ಕಣ್ಣಿಗೆ ದಾರ ಪೋಣಿಸುವುದೇ ದಿನದ ಕಠಿಣ ಕೆಲಸ. ಎರಡು ಮೂರು ಜೊತೆ ಫ್ಲೈಗಳನ್ನು ಮನೆಯಲ್ಲೇ ದಾರಕ್ಕೆ ಕಟ್ಟಿ ಸುತ್ತಿಟ್ಟುಕೊಂಡರೆ ಅರ್ಧ ಹಿಂಸೆ ತಪ್ಪುತ್ತದೆ.

ಕಟ್ಟುವ ಕ್ರಮ ಹೀಗೆ. ಒಂಬತ್ತು ಅಡಿಯ, ನಾಲ್ಕು ಅಥವಾ ಐದನೇ ತೂಕದ ಕೋಲು. ಮೇಲೆ ಸಣ್ಣ ಬೆಂಡು. ಬೆಂಡಿನಿಂದ ಕೆಳಗೆ, ನೀರಿನ ಆಳದ ಸುಮಾರು ಒಂದೂವರೆ ಪಟ್ಟು ದೂರದಲ್ಲಿ ಮೊದಲ ಫ್ಲೈ. ಅದು ಜಿಗಣೆಯೋ ಎರೆಹುಳುವೋ ಆಗಿ ಕಣ್ಸೆಳೆಯುವಂತಿರಲಿ. ಅದಕ್ಕೆ ಒಂದು ಒಂದೂವರೆ ಅಡಿ ಕೆಳಗೆ ಜೀಬ್ರಾ ಮಿಡ್ಜ್. ಮೊದಲ ಫ್ಲೈಯ ಮೇಲೆ ಅತಿ ಚಿಕ್ಕ ತೂಕದ ಗುಂಡು. ಮೀನು ಕಚ್ಚದಿದ್ದಾಗ ಹೆಚ್ಚಿನವರು ಫ್ಲೈ ಬದಲಿಸುತ್ತಾರೆ. ಮೊದಲು ಬದಲಿಸಬೇಕಾದದ್ದು ಆಳ ಮತ್ತು ತೂಕ. ನಡುನಡುವೆ ಗುಂಡು ತಳಕ್ಕೆ ತಾಗುತ್ತಿದ್ದರೆ ಆಳ ಸರಿಯಾಗಿದೆ.

ಫ್ಲೈ ನೀರಿನ ಜೊತೆ ತಾನೇ ತೇಲಿ ಬಂದಂತೆ ಇರಬೇಕು. ದಾರ ರಭಸದ ನೀರಿಗೆ ಸಿಕ್ಕಿ ಬಿಲ್ಲಾಗಿ ಬಾಗಿದರೆ ಫ್ಲೈಯನ್ನು ಎಳೆದೊಯ್ಯುತ್ತದೆ, ಟ್ರೌಟ್ ಅದನ್ನು ಮುಟ್ಟುವುದಿಲ್ಲ. ದಾರ ಬಾಗುವ ಮುನ್ನವೇ ಕೋಲಿನ ತುದಿಯಿಂದ ಅದನ್ನೆತ್ತಿ ಮೇಲ್ಹರಿವಿನ ಕಡೆ ಹಾಕಬೇಕು. ಚಳಿಗಾಲದ ಕಚ್ಚು ಬಹು ಮೃದು. ಬೆಂಡು ಮುಳುಗುವುದಿಲ್ಲ; ಕ್ಷಣ ತಡೆದಂತೆ, ಪಕ್ಕದ ನೊರೆಗಿಂತ ತುಸು ಹಿಂದುಳಿದಂತೆ ಕಾಣುತ್ತದೆ. ತಿಳಿನೀರಿನಲ್ಲಾದರೆ ಮೀನಿನ ಬಾಯೊಳಗಿನ ಬಿಳುಪು ಫಳಕ್ಕನೆ ತೆರೆದು ಮುಚ್ಚುವುದೇ ಸೂಚನೆ. ಆಗ ಕೋಲನ್ನು ಜಗ್ಗದೆ ಮೆಲ್ಲಗೆ ಎತ್ತಿದರೆ ಸಾಕು. ಜೋರಾಗಿ ಎಳೆದರೆ 6ಎಕ್ಸ್ ದಾರ ಅಲ್ಲೇ ತುಂಡಾಗುತ್ತದೆ.

ಗಾಳಿಯಿಲ್ಲದ ಮೋಡದ ಮಧ್ಯಾಹ್ನಗಳಲ್ಲಿ ಮಿಡ್ಜ್‌ಗಳು ನೀರಿನ ಮೇಲೆ ಒಂದಕ್ಕೊಂದು ಅಂಟಿ ಉಂಡೆಯಾಗಿ ತೇಲುತ್ತವೆ. ಮೀನು ತಲೆ, ಬೆನ್ನು, ಬಾಲ ತೋರಿಸುತ್ತ ಮೇಲೇಳತೊಡಗಿದರೆ ಬೆಂಡು, ಗುಂಡು ತೆಗೆದುಹಾಕಿ ಗ್ರಿಫಿತ್ಸ್ ನ್ಯಾಟ್ ಎಂಬ ತೇಲುವ ಫ್ಲೈ ಕಟ್ಟಬಹುದು. ಅದು ಒಂದು ಕೀಟದ ಬದಲು ಇಡೀ ಉಂಡೆಯ ನಕಲು. ಜನವರಿಯ ಮಂಜಿನ ನಡುವೆ ಮೇಲ್ಮೈಯಲ್ಲಿ ಟ್ರೌಟ್ ಹಿಡಿಯುವ ಸುಖ ಕೊಡುವ ನದಿಗಳು ಹೆಚ್ಚಿಲ್ಲ. ಆ ಒಂದೆರಡು ಗಂಟೆಗಾಗಿಯೇ ಇಲ್ಲಿಗೆ ಬರುವವರಿದ್ದಾರೆ, ಬರುವುದು ಸಾರ್ಥಕವೂ ಹೌದು.

ವೈಟ್ ನದಿಯಲ್ಲಿ ಚಳಿಗಾಲದ ತುತ್ತು ಬೇರೆಯೇ. ಅಲ್ಲಿನ ಜಲಾಶಯದಲ್ಲಿರುವ ಥ್ರೆಡ್‌ಫಿನ್ ಶ್ಯಾಡ್ ಎಂಬ ಸಣ್ಣ ಮೀನು ಚಳಿ ತಾಳದು. ನೀರು 7 ಡಿಗ್ರಿಗಿಂತ ಕೆಳಗಿಳಿದರೆ ರಾಶಿಯಾಗಿ ಸಾಯುತ್ತದೆ. ಸತ್ತ, ಅರೆಜೀವವಾದ ಮೀನುಗಳು ಟರ್ಬೈನ್ ಮೂಲಕ ನದಿಗೆ ಬರುತ್ತವೆ. ಆಗ ಅಲ್ಲಿನ ದೊಡ್ಡ ಬ್ರೌನ್ ಟ್ರೌಟ್‌ಗಳು ಬಿಳಿ ಬಣ್ಣದ ದೊಡ್ಡ ಫ್ಲೈಗಳಿಗೆ ಮುಗಿಬೀಳುತ್ತವೆ. ಕಟ್ಟೆ ಬೇರೆಯಾದರೆ ಪೆಟ್ಟಿಗೆಯಲ್ಲಿ ಒಯ್ಯುವ ಫ್ಲೈಗಳೂ ಬೇರೆ.

ಚಳಿ ಮತ್ತು ಮೈ

ಶೂನ್ಯಕ್ಕಿಂತ ಕೆಳಗಿನ ಗಾಳಿಯಲ್ಲಿ ದಾರದ ಜೊತೆ ಬಂದ ನೀರು ಕೋಲಿನ ಉಂಗುರಗಳಲ್ಲಿ ಹೆಪ್ಪುಗಟ್ಟಿ ದಾರ ಓಡದಂತೆ ಮಾಡುತ್ತದೆ. ಕೋಲನ್ನು ನೀರಲ್ಲಿ ಅದ್ದಿ ಹಿಡಿದರೆ ಮಂಜು ಸಡಿಲವಾಗುತ್ತದೆ, ಆಮೇಲೆ ಬೆರಳಿಂದ ಬಿಡಿಸಬೇಕು. ಗಟ್ಟಿಯಾದ ಮಂಜನ್ನು ಹಾಗೇ ಕಿತ್ತರೆ ಕೋಲಿನ ತುದಿಯೇ ಮುರಿದೀತು. ತುಟಿಗೆ ಹಚ್ಚುವ ಮೇಣವನ್ನು ಉಂಗುರಗಳಿಗೆ ಸವರಿದರೆ ಸ್ವಲ್ಪ ಹೊತ್ತು ತಡೆಯುತ್ತದೆ. ರೀಲನ್ನು ಮಾತ್ರ ನೀರಿಗೆ ತಾಗಿಸಬಾರದು.

ಬಟ್ಟೆಯಲ್ಲಿ ಹತ್ತಿ ಬೇಡ. ಒದ್ದೆಯಾದ ಹತ್ತಿ ಮೈಯ ಬಿಸಿಯನ್ನು ಹೀರಿಬಿಡುತ್ತದೆ. ಉಣ್ಣೆಯೋ ಬೇಗ ಒಣಗುವ ಕೃತಕ ನೂಲೋ ಪದರ ಪದರವಾಗಿರಲಿ, ಕಾರಿನಲ್ಲಿ ಒಂದು ಜೊತೆ ಒಣಬಟ್ಟೆ ಇರಲಿ. ಕಾಲುಚೀಲ ಎರಡೆರಡು ಹಾಕಿ ಬೂಟು ಬಿಗಿಯಾದರೆ ರಕ್ತಸಂಚಾರ ನಿಂತು ಕಾಲು ಇನ್ನೂ ತಣ್ಣಗಾಗುತ್ತದೆ, ಬೂಟಿನೊಳಗೆ ಬೆರಳಾಡಬೇಕು. ಫೆಲ್ಟ್ ಅಟ್ಟೆಯ ಬೂಟಿಗೆ ದಡದ ಹಿಮ ಅಂಟಿ ಗಟ್ಟಿಯಾಗುತ್ತ ಹೋಗುವುದರಿಂದ ಮೊಳೆಯಿರುವ ರಬ್ಬರ್ ಅಟ್ಟೆ ಮೇಲು. ನೀರು ಒಳಬಿಡದ, ಎದೆಮಟ್ಟದ ವೇಡರ್ಸ್ ಉಡುಪು ತೊಟ್ಟವರು ಸೊಂಟದ ಪಟ್ಟಿ ಬಿಗಿಯದೆ ನೀರಿಗಿಳಿಯಬಾರದು. ಬಿದ್ದಾಗ ನೀರು ಒಳಗೆ ತುಂಬದಂತೆ ತಡೆಯುವುದು ಆ ಪಟ್ಟಿಯೇ. 6 ಡಿಗ್ರಿಯ ನೀರಿನಲ್ಲಿ ಕೆಲವೇ ನಿಮಿಷಗಳಲ್ಲಿ ಕೈ ಕಾಲು ಹೇಳಿದ ಮಾತು ಕೇಳುವುದಿಲ್ಲ. ನಡುಕ ನಿಲ್ಲದಿದ್ದರೆ, ಮಾತು ತೊದಲಿದರೆ ಅಂದಿನ ಮೀನುಗಾರಿಕೆ ಅಲ್ಲಿಗೆ ಮುಗಿಯಿತು.

ಮೀನಿಗೂ ನದಿಗೂ

ಹಿಡಿದ ಮೀನನ್ನು ಫೋಟೊಗಾಗಿ ಚಳಿಗಾಳಿಗೆ ಎತ್ತಿ ಹಿಡಿಯುವುದು ಬೇಸಿಗೆಗಿಂತ ಹೆಚ್ಚು ಅಪಾಯ. ಶೂನ್ಯಕ್ಕಿಂತ ಕೆಳಗಿನ ಗಾಳಿಯಲ್ಲಿ ಕಿವಿರಿನ ತೆಳು ಪೊರೆಗಳು ಹೆಪ್ಪುಗಟ್ಟಿ ಹರಿದುಹೋಗಬಹುದು. ಬಲೆಯನ್ನು ನೀರಿನಲ್ಲೇ ಇಟ್ಟು, ಒದ್ದೆ ಕೈಯಲ್ಲಿ ಕೊಕ್ಕೆ ಬಿಡಿಸಿ, ಮೀನು ತಾನಾಗಿ ಹೊರಡುವವರೆಗೆ ಹರಿವಿಗೆ ಮುಖ ಮಾಡಿ ಹಿಡಿಯಬೇಕು.

ಬ್ರೌನ್ ಟ್ರೌಟ್ ಮೊಟ್ಟೆಯಿಡುವುದು ಶರತ್ಕಾಲದ ಕೊನೆಯಲ್ಲಿ, ರೇನ್‌ಬೋ ಚಳಿಗಾಲದ ಕೊನೆಯಿಂದ ವಸಂತದವರೆಗೆ. ಹೆಣ್ಣು ಮೀನು ಬಾಲದಿಂದ ಪಾಚಿ ಒರೆಸಿ ಜಲ್ಲಿಯನ್ನು ಹದಗೊಳಿಸಿದ ಜಾಗ ಸುತ್ತಲಿಗಿಂತ ಬಿಳುಪಾಗಿ, ಮೊಟ್ಟೆಯಾಕಾರದಲ್ಲಿ ಕಾಣುತ್ತದೆ. ಅಲ್ಲಿ ಕಾಲಿಟ್ಟರೆ ಒಂದು ಹೆಜ್ಜೆಗೆ ಎಷ್ಟೋ ಮೊಟ್ಟೆ ನಾಶ. ಅದರ ಮೇಲೆ ನಿಂತ ಮೀನಿಗೆ ಗಾಳ ಹಾಕುವುದೂ ತಪ್ಪು.

ಈ ನದಿಯಲ್ಲಿ ಇನ್ನೊಂದು ನಿಷಿದ್ಧ ಅಭ್ಯಾಸವಿದೆ. ಕಾಲಿನಿಂದ ತಳದ ಜಲ್ಲಿ ಕಲಕಿ, ಹುಳುಗಳನ್ನು ಎಬ್ಬಿಸಿ, ಮೀನುಗಳನ್ನು ಬೆನ್ನಹಿಂದೆ ಸೇರಿಸಿಕೊಂಡು ಹಿಡಿಯುವ ಈ ಕ್ರಮಕ್ಕೆ ಸ್ಯಾನ್ ಹುವಾನ್ ಶಫಲ್ ಎಂದೇ ಹೆಸರು. ಹಾಗೆ ಮಾಡುವುದು ಕಾನೂನುಬಾಹಿರ. ವಿಶೇಷ ಪ್ರದೇಶದಲ್ಲಿ ಕೊಕ್ಕೆಗೆ ಹಿಮ್ಮುಳ್ಳು ಇರಬಾರದು, ಮೀನನ್ನು ನೀರಿಗೆ ಮರಳಿ ಬಿಡಬೇಕು. ಹಿಮ್ಮುಳ್ಳಿರುವ ಕೊಕ್ಕೆಯಾದರೆ ಇಕ್ಕಳದಿಂದ ಅದನ್ನು ಒತ್ತಿ ಮಟ್ಟಸ ಮಾಡಿಕೊಳ್ಳಬಹುದು. ಪರವಾನಗಿಯಲ್ಲೂ ಚಳಿಗಾಲದಲ್ಲಿ ಬರುವವರು ಗಮನಿಸಬೇಕಾದ ಅಂಶವಿದೆ: ನ್ಯೂ ಮೆಕ್ಸಿಕೊದ ಪರವಾನಗಿ ವರ್ಷ ಜನವರಿಯಿಂದ ಲೆಕ್ಕವಾಗದೆ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಇರುತ್ತದೆ. ಫೆಬ್ರವರಿಯಲ್ಲಿ ಕೊಂಡ ವಾರ್ಷಿಕ ಪರವಾನಗಿ ಎರಡು ತಿಂಗಳೂ ತುಂಬದೆ ಮುಗಿಯುತ್ತದೆ. ಆ ದಿನಗಳಲ್ಲಿ ಒಂದೆರಡು ದಿನಕ್ಕಷ್ಟೇ ಬರುವವರಿಗೆ ಅಲ್ಪಾವಧಿಯ ಪರವಾನಗಿಯೇ ಸಾಕು.